ಕಾಲಳತೆಯ ಬಿಡಾರ

ಕಾಣಿಯೂರು ಸೀಮೆಯಲ್ಲಿ ಬಾಡಿಗೆಮನೆಯೆಂಬುದು ಬಹುಕಾಲ ಅಪರಿಚಿತವಾದ ವಸ್ತುವಾಗಿತ್ತು. ಅಲ್ಲಿ ಮನೆಯೆಂದರೆ ತೋಟದ ಒಂದು ಅಂಗ. ಅಡಿಕೆಮರಗಳ ನಡುವೆ ಒಂದು ಮನೆ. ಕಾಲುಸಂಕದಿಂದ ತೋಡನ್ನು ದಾಟಿ, ಗುಡ್ಡೆಯನ್ನೇರಿದರೆ ಇನ್ನೊಂದು. ಗೇಣಿಯು ಭೂಮಿಗೆ ಸಲ್ಲುತ್ತಿದ್ದುದೇ ಹೊರತು ಗೋಡೆಗಳಿಗಲ್ಲ. ಮೂಲಗೇಣಿಯವನು ತಲೆಮಾರುಗಳವರೆಗೆ ನಿಶ್ಚಿಂತನಾಗಿದ್ದನು. ಚಾಲಗೇಣಿಯವನು ವರ್ಷವರ್ಷವೂ ಧಣಿಯ ಮುಖವನ್ನು ನೋಡಬೇಕಾಗಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಕಾನೂನಿನಿಂದ ಉಳುವವನೇ ಒಡೆಯನಾಗಲು ಆ ಭೀತಿಯು ತೊಲಗಿತು. ವಿಚಿತ್ರವೇನೆಂದರೆ, ಅದೇ ಮನೆಗಳ ಮಕ್ಕಳು ಮೊಮ್ಮಕ್ಕಳು ಇಂದು ಉದ್ಯೋಗನಿಮಿತ್ತ ಬೆಂಗಳೂರನ್ನು ಸೇರಿ, ಮತ್ತೊಂದು ಬಗೆಯ ಚಾಲಗೇಣಿಗೆ ಒಳಗಾಗಿರುವರು. ಈ ಗೇಣಿಯ ಅವಧಿಯು ಹನ್ನೊಂದು ತಿಂಗಳು ಮಾತ್ರ.

ಹನ್ನೊಂದೆಂಬ ಈ ಲೆಕ್ಕದಲ್ಲಿ ಜ್ಯೋತಿಷವೇನೂ ಇಲ್ಲ. 1908ರ ನೋಂದಣಿ ಕಾನೂನಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು; ಆ ಖರ್ಚನ್ನೂ ತೊಡಕನ್ನೂ ತಪ್ಪಿಸಿಕೊಳ್ಳುವುದಕ್ಕಾಗಿ ಒಂದು ತಿಂಗಳನ್ನು ಕಡಿಮೆ ಮಾಡಿ ಕರಾರು ಬರೆಯುವುದು ರೂಢಿಯಾಯಿತು. ಇದರ ಮೇಲೆ ಮುಂಗಡದ ಭಾರ ಬೇರೆ. ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಕೇಳುವ ಪದ್ಧತಿಯು ಆ ನಗರದಲ್ಲಿ ಬಹುಕಾಲದಿಂದ ನಡೆದುಬಂದಿದೆ. 2021ರ ಕೇಂದ್ರ ಸರಕಾರದ ಮಾದರಿ ಬಾಡಿಗೆ ಕಾನೂನು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿತಾದರೂ, ಮಾದರಿಯೆಂಬುದು ರಾಜ್ಯಗಳು ಸ್ವೀಕರಿಸಿದಲ್ಲದೆ ಬಾಧ್ಯವಾಗದು. ಇಂತಿರಲು, ಬಿಡಾರವನ್ನು ಹುಡುಕುವ ತರುಣನು ಬಾಡಿಗೆ ಕಡಿಮೆಯಿರುವ ನಗರದ ಅಂಚಿಗೆ ಸರಿಯುವುದು ಸಹಜವೇ.

ಕಾಣಿಯೂರಿನ ಸಮೀಪದ ಓರ್ವ ವೃದ್ಧ ಗೃಹಸ್ಥರು ಪತ್ನೀವಿಯೋಗದ ತರುವಾಯ ಅಂತಹದೇ ಒಂದು ಬಿಡಾರಕ್ಕೆ, ಮಗನ ಬಳಿಗೆ, ಬಂದರು. 1979ರಲ್ಲಿ ತೆರೆದ ಮಂಗಳೂರು-ಹಾಸನ ರೈಲುಮಾರ್ಗವು ಅವರ ಊರನ್ನು ಹಾದುಹೋಗಿರುವುದರಿಂದ ಪ್ರಯಾಣವು ಕಷ್ಟವಾಗಲಿಲ್ಲ. ಕಷ್ಟವು ಆರಂಭವಾದುದು ಇಳಿದ ಮೇಲೆ. ಮಗನ ವಸತಿಯು ಹನ್ನೆರಡನೆಯ ಮಹಡಿಯಲ್ಲಿತ್ತು. ಗಾಳಿಗೂ ಬೆಳಕಿಗೂ ಕೊರತೆಯಿಲ್ಲ. ಆದರೆ ಹೆಬ್ಬಾಗಿಲಿನಾಚೆ ಹೆದ್ದಾರಿ. ಒಂದು ಕಟ್ಟು ವೀಳ್ಯದೆಲೆ ಬೇಕಾದರೂ ಮಗನು ಕಾರನ್ನು ಹೊರಡಿಸಬೇಕು. ಊರಿನಲ್ಲಿ ದಿನವೂ ತೋಟವನ್ನು ಸುತ್ತಿ, ಅಂಗಡಿಯ ಜಗಲಿಯಲ್ಲಿ ಕುಳಿತು ಕವಳ ಹಾಕಿ, ಹತ್ತು ಮಂದಿಯ ಕ್ಷೇಮವನ್ನು ವಿಚಾರಿಸಿ ಬರುತ್ತಿದ್ದ ಕಾಲುಗಳು ಮೂರು ತಿಂಗಳಲ್ಲಿ ಬಾತುಕೊಂಡವು. ಮಾತು ಕಡಿಮೆಯಾಯಿತು, ಊಟ ಸೇರದಾಯಿತು.

"ಅಪ್ಪಯ್ಯ, ಇಲ್ಲಿ ನಿಮಗೆ ಏನು ಕೊರತೆ?" ಎಂದು ಮಗನು ಕೇಳಿದನು.

"ಕೊರತೆ ಏನೂ ಇಲ್ಲ ಮಗೂ. ಹೋಗುವುದಕ್ಕೆ ಒಂದು ಎಡೆಯಿಲ್ಲ, ಅಷ್ಟೇ" ಎಂದರು ವೃದ್ಧರು.

ಮಗನು ವಿವೇಕಿ. ಕರಾರಿನ ಅವಧಿ ಮುಗಿದೊಡನೆ ಆ ವಿಶಾಲವಾದ ವಸತಿಯನ್ನು ಬಿಟ್ಟು, ಬಸವನಗುಡಿಯಲ್ಲಿ ಹಳೆಯ ಮನೆಯೊಂದರ ನೆಲದಂತಸ್ತಿನ ಎರಡು ಕೋಣೆಗಳನ್ನು ಹಿಡಿದನು. ಕೋಣೆಗಳು ಚಿಕ್ಕವು, ಬಾಡಿಗೆಯು ದೊಡ್ಡದು. 1898ರಲ್ಲಿ ಪ್ಲೇಗು ಮಾರಿಯು ಬೆಂಗಳೂರಿಗೆ ಕಾಲಿಟ್ಟು, ಹಳೆಯ ಪೇಟೆಯ ಇಕ್ಕಟ್ಟು ಪ್ರಾಣಾಂತಿಕವೆಂದು ಕಂಡ ಬಳಿಕ, ಮಲ್ಲೇಶ್ವರದೊಡನೆ ಬೆಳೆದ ಬಡಾವಣೆ ಇದು. ಮನೆಮನೆಗೂ ಮೋಟಾರು ಬರುವುದಕ್ಕೆ ಬಹಳ ಮೊದಲೇ ಬೀದಿಗಳನ್ನು ಎಳೆದುದರಿಂದ, ಅದರ ಅಳತೆಯು ಮನುಷ್ಯನ ಹೆಜ್ಜೆಯ ಅಳತೆಯೇ ಆಗಿರುವುದು. ಗಾಂಧಿಬಜಾರಿನಲ್ಲಿ ಹೂವು, ಹಣ್ಣು, ವೀಳ್ಯದೆಲೆ, ಅಲ್ಲಿಂದ ಅನತಿದೂರದಲ್ಲಿ ದೊಡ್ಡ ಬಸವಣ್ಣನ ಗುಡಿ, ಅದರ ಬಳಿಯಲ್ಲೇ ಕಹಳೆಬಂಡೆಯ ನೆರಳು, ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯೂ ಅದೇ ಆವರಣದ ಸಮೀಪದಲ್ಲಿದೆ. ವೃದ್ಧರು ಮೊದಲ ವಾರ ಬೀದಿಯ ತಿರುವಿನವರೆಗೆ ಹೋದರು. ತಿಂಗಳು ಕಳೆಯುವಷ್ಟರಲ್ಲಿ ಗುಡಿಯವರೆಗೆ ನಡೆದರು. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯ ಹೊತ್ತಿಗೆ, ಹೂವಾಡಗಿತ್ತಿಯ ಮಗಳ ಮದುವೆಯ ಮಾತುಕಥೆಯೂ ಅವರಿಗೆ ತಿಳಿದಿತ್ತು.

ತಿಂಗಳ ಲೆಕ್ಕದಲ್ಲಿ ಮಗನಿಗೆ ನಷ್ಟವೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಕಾರಿನ ಖರ್ಚು ಉಳಿದರೂ ಬಾಡಿಗೆಯ ಹೆಚ್ಚಳಕ್ಕೆ ಅದು ಸಾಟಿಯಾಗದು. ಹಳೆಯ ಮನೆಗಳು ಉರುಳಿ ಮಹಡಿಗಳು ಏಳುತ್ತಿರುವುದರಿಂದ ಇಂತಹ ಕೋಣೆಗಳು ದೊರೆಯುವುದೂ ವಿರಳವಾಗುತ್ತಿದೆ. ಅಲ್ಲದೆ ಕಾಲುದಾರಿಯ ಮೇಲೆ ನಿಂತ ದ್ವಿಚಕ್ರವಾಹನಗಳೂ ಎದ್ದ ಕಲ್ಲುಚಪ್ಪಡಿಗಳೂ ಮುದುಕರ ಪಾಲಿಗೆ ಸಣ್ಣ ಅಪಾಯಗಳಲ್ಲ.

ಅದಾಗ್ಯೂ ಶಾಸ್ತ್ರಜ್ಞರು ಹೇಳುವ ದೇಹಲೀದೀಪನ್ಯಾಯವು ಇಲ್ಲಿ ಸ್ಮರಣೀಯ. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ಬೆಳಗುವುದು. ಬಿಡಾರವೂ ಹಾಗಿರಬೇಕು. ಕೋಣೆಗಳನ್ನು ಎಣಿಸಿ ಬಾಡಿಗೆಯನ್ನು ಗೊತ್ತುಮಾಡುವವನು ಹೊಸ್ತಿಲ ಒಳಗನ್ನು ಮಾತ್ರ ನೋಡಿದಂತಾಯಿತು. ದುಡಿಯುವವನಿಗೆ ಹೊರಗೆ ಕಚೇರಿಯಿದೆ, ಮಕ್ಕಳಿಗೆ ಶಾಲೆಯಿದೆ. ಹಗಲಿಡೀ ಮನೆಯಲ್ಲಿರುವ ವೃದ್ಧರಿಗಾದರೋ ಕಾಲು ಹೋಗುವಷ್ಟೇ ಲೋಕ. ಆದುದರಿಂದ ತಂದೆತಾಯಿಗಳನ್ನು ಪಟ್ಟಣಕ್ಕೆ ಕರೆತರುವವರು, ಮುಂಗಡದ ಹಣವನ್ನು ಎಣಿಸಿಕೊಡುವುದಕ್ಕೆ ಮೊದಲು, ಅವರನ್ನೇ ಮುಂದಿಟ್ಟುಕೊಂಡು ಅವರ ಹೆಜ್ಜೆಯಲ್ಲಿಯೇ ಕಾಲು ಗಂಟೆ ಆ ಬೀದಿಯಲ್ಲಿ ನಡೆದು ನೋಡುವುದು ಒಳ್ಳೆಯದು. ಅಷ್ಟರೊಳಗೆ ಒಂದು ಔಷಧದ ಅಂಗಡಿ, ಕುಳಿತುಕೊಳ್ಳುವುದಕ್ಕೆ ಒಂದು ಕಟ್ಟೆ, ಮಾತನಾಡಿಸುವ ಒಂದು ಮುಖ ದೊರೆತರೆ, ಆ ಮನೆಯನ್ನು ಹಿಡಿಯಬಹುದು.