ಹಿತ್ತಲಿನ ತುಂಗೆಹುಲ್ಲು

ಬತ್ತಲಗುಂಡಿನ ನಮ್ಮ ಹಿತ್ತಲುಗಳಲ್ಲಿ ತುಂಗೆಹುಲ್ಲಿನಷ್ಟು ಹಟಮಾರಿಯಾದ ಕಳೆ ಮತ್ತೊಂದಿಲ್ಲ. ನೆರೆಯ ತಮಿಳರು ಇದನ್ನು ಕೋರೈ ಎನ್ನುತ್ತಾರೆ. ಗರಿಕೆಯ ಕಾಂಡಕ್ಕೆ ಗೆಣ್ಣುಗಳಿವೆ. ತುಂಗೆಯ ಹೂದಂಟಿಗೆ ಗೆಣ್ಣಿಲ್ಲ, ಮೂರು ಮೂಲೆಗಳಿವೆ. ಬೆರಳುಗಳ ನಡುವೆ ಹೊರಳಿಸಿದರೆ ಗುರುತು ಸಿಗುತ್ತದೆ.

ಅದರ ಬಲವಿರುವುದು ಮಣ್ಣಿನೊಳಗೆ ದಾರದಲ್ಲಿ ಪೋಣಿಸಿದಂತಿರುವ ಗಡ್ಡೆಗಳಲ್ಲಿ. ಮೇಲಿನ ಹುಲ್ಲನ್ನು ಎಳೆದರೆ ದಾರ ಹರಿಯುತ್ತದೆ; ಒಳಗುಳಿದ ಗಡ್ಡೆ ಮತ್ತೆ ಚಿಗುರುತ್ತದೆ. ಆದುದರಿಂದ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಗೇಣು ಆಳಕ್ಕೆ ಅಗೆದು, ಗಡ್ಡೆಗಳನ್ನು ಆರಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕೊಲ್ಲಬೇಕು. ಉಳಿದವು ಚಿಗುರಿದರೆ, ಹೊಸ ಗಡ್ಡೆ ಕಟ್ಟುವ ಮೊದಲೇ, ಎರಡು ಮೂರು ವಾರಕ್ಕೊಮ್ಮೆ ಮತ್ತೆ ಅಗೆಯಬೇಕು. ಕಾಂಗ್ರೆಸ್ ಗಿಡಕ್ಕೆ ಇಷ್ಟು ಶ್ರಮ ಬೇಡ. ಹೂಬಿಡುವ ಮುನ್ನ, ಕೈಗವಸು ತೊಟ್ಟು, ತಾಯಿಬೇರು ಸಹಿತ ಕಿತ್ತರೆ ಸಾಕು.

ನನ್ನ ಅಜ್ಜಿಗೆ ಓದುಬರಹ ತಿಳಿದಿರಲಿಲ್ಲ. ಆದರೂ ಒಂದೊಂದು ಕಳೆಯನ್ನೂ ಕನ್ನಡದ ಹೆಸರಿನಿಂದಲೇ ಕರೆದು ಕೀಳುತ್ತಿದ್ದರು. ಆ ಹೆಸರುಗಳು ನನಗೆ ದೊರೆತದ್ದು ಅವರ ಪಕ್ಕದಲ್ಲಿ ಕುಳಿತು ಕಳೆ ತೆಗೆಯುವಾಗ. ಇಂದಿನ ನಮ್ಮ ಮಕ್ಕಳು ಕೋರೈಯನ್ನು ಬಲ್ಲರು. ತುಂಗೆ ಎಂದರೆ ಪಾಠದಲ್ಲಿ ಓದಿದ ನದಿಯೆಂದುಕೊಳ್ಳುತ್ತಾರೆ. ಶಾಲೆಯು ಅಕ್ಷರವನ್ನು ಕಲಿಸಿತು. ಹಿತ್ತಲಿನ ಮಾತನ್ನು ಮನೆಯವರೇ ಕಲಿಸಬೇಕು. ಮುಂದಿನ ಮಳೆ ಬಿದ್ದಾಗ ಹಿರಿಯರು ಮೊಮ್ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಗಡ್ಡೆ ಹೋಗಲಿ, ಹೆಸರು ಉಳಿಯಲಿ.