ಒಂದನೇ ವೇಷ

ವಿಡಿಯೋ ಗೇಮುಗಳ ಊರುಗಳಲ್ಲಿ ಕತ್ತಿ ಬೀಸಿದರೂ ಸಾಯದ ಕೆಲವರಿರುತ್ತಾರೆ. ಪೆಟ್ಟು ತಿಂದು ಮಂಡಿಯೂರುತ್ತಾರೆ, ತುಸು ಹೊತ್ತಿಗೆ ಎದ್ದು ನಿಲ್ಲುತ್ತಾರೆ. ಬೈಂದೂರಿನಲ್ಲಿರುವ ನನ್ನ ಅಕ್ಕನ ಮಗ ‘ಸ್ಕೈರಿಮ್’ ಆಡುವಾಗ ಇಂಥವನೊಬ್ಬ ಎದುರಾದ. “ಎಷ್ಟ್ ಹೊಡ್ದ್ರೂ ಸಾಯ್ತಿಲ್ಲೆ ಮಾವ, ಎದ್ಕಂಡ್ ಮತ್ತ್ ಅದೇ ಮಾತಾಡ್ತ” ಅಂದ ಹುಡುಗ. ಅವನಿಗೆ ಬೇಸರವಾಗಿತ್ತು. ಆ ಬೇಸರ ನ್ಯಾಯವಾದದ್ದು ಎಂದೇ ನನಗೆ ತೋರುತ್ತದೆ.

ಗೇಮು ಕಟ್ಟುವವರ ಕಷ್ಟವೂ ಸಣ್ಣದಲ್ಲ. 2002ರಲ್ಲಿ ಬಂದ ‘ಮೊರೊವಿಂಡ್’ನಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. ಕಥೆಗೆ ಅಗತ್ಯವಾದವನನ್ನು ಕೊಂದರೆ, ಭವಿಷ್ಯವಾಣಿಯ ಎಳೆ ಕಡಿದುಹೋಯಿತು, ಹಿಂದಿನಿಂದ ಮತ್ತೆ ಆಡು, ಇಲ್ಲವೇ ನೀನೇ ಕೆಡಿಸಿದ ಲೋಕದಲ್ಲಿ ಬದುಕು ಎಂಬರ್ಥದ ಎಚ್ಚರಿಕೆ ಬರುತ್ತಿತ್ತು. ನಾಲ್ಕು ವರ್ಷಗಳ ನಂತರ ಅದೇ ಸರಣಿಯ ‘ಒಬ್ಲಿವಿಯನ್’ ಬಂತು. ಅದರಲ್ಲಿ ಊರಿನ ಜನಕ್ಕೆ ದಿನಚರಿ ಕೊಟ್ಟರು. ಉಣ್ಣುವುದು, ಮಲಗುವುದು, ಒಂದೂರಿನಿಂದ ಇನ್ನೊಂದೂರಿಗೆ ನಡೆದುಹೋಗುವುದು ಎಲ್ಲ ಶುರುವಾಯಿತು. ಹಾಗೆ ಹೋಗುವವನನ್ನು ದಾರಿಯಲ್ಲಿ ತೋಳ ತಿಂದರೆ? ಆಟಗಾರನ ತಪ್ಪೇನೂ ಇಲ್ಲದೆ ಕಥೆಯ ಬಾಗಿಲು ಮುಚ್ಚಿಹೋಗುತ್ತದೆ. ಆದ್ದರಿಂದ ಕೆಲವರ ತಲೆಗೆ ಸಾವಿಲ್ಲವೆಂಬ ಗುರುತು ಕಟ್ಟಿದರು. ಅಂಥವನತ್ತ ತಿರುಗಿದಾಗ ಪರದೆಯ ಮೇಲೊಂದು ಸಣ್ಣ ಕಿರೀಟ ಕಾಣುತ್ತಿತ್ತು.

ಕಿರೀಟದ ಮಾತು ಬಂದರೆ ಕುಂದಾಪುರದ ಸೀಮೆಯವನ ಮನಸ್ಸು ಆಟದ ಕಡೆಗೆ ಹೋಗದೆ ಇರುವುದಿಲ್ಲ. ನಮ್ಮಲ್ಲಿ ಆಟವೆಂದರೆ ಯಕ್ಷಗಾನವೇ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ ಎಂದು ಮೇಳಗಳ ಹೆಸರು ಹೇಳುತ್ತ ಬೆಳೆದವರು ನಾವು. ಆದರೆ ನಮ್ಮ ಆಟದಲ್ಲಿ ಕಿರೀಟ ಇಟ್ಟವರು ಸಾಯುತ್ತಾರೆ, ಪ್ರತಿ ರಾತ್ರಿ ಸಾಯುತ್ತಾರೆ. ಬ್ರಹ್ಮಾವರದ ಪಕ್ಕದ ಹಾರಾಡಿಯ ರಾಮ ಗಾಣಿಗರ ಕರ್ಣನನ್ನು ಕಂಡವರು ಮಾತು ಮುಗಿಯದಂತೆ ಬಣ್ಣಿಸುತ್ತಿದ್ದರು. ಆ ಕರ್ಣ ರಥದ ಚಕ್ರ ಹೂತಲ್ಲಿ ಸಾಯುತ್ತಾನೆಂದು ಆಟಕ್ಕೆ ಬಂದ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಬೆಳಗಿನ ತನಕ ಕೂರುತ್ತಿದ್ದರು.

ಅಲ್ಲಿ ಸಾವಿಲ್ಲದವರು ಒಬ್ಬರೇ, ಹಾಡುತ್ತ ಆಟ ನಡೆಸುವ ಭಾಗವತರು. ತಲೆಗೆ ಬರೀ ಮುಂಡಾಸು, ಕೈಯಲ್ಲಿ ತಾಳ. ರಾಕ್ಷಸನ ಎಷ್ಟು ದೊಡ್ಡ ಬಣ್ಣದ ವೇಷ ಬರಲಿ, ಕಣ್ಣು ಕೆಂಡ ಮಾಡಿ ಅಬ್ಬರಿಸುತ್ತ ರಂಗವನ್ನೆಲ್ಲ ಅಲುಗಿಸಲಿ, ಕೊನೆಗೆ ಅದು ಭಾಗವತರ ಮುಂದೆ ನಿಂತು ತಾನು ಯಾರೆಂದು ಹೇಳಿಕೊಳ್ಳಬೇಕು. ಮೂರು ಲೋಕ ಗೆದ್ದವನ ಗದೆ ಅವರ ಕಡೆ ಏಳುವುದಿಲ್ಲ. ಅವರು ಕಥೆಯೊಳಗಿನವರೋ ಹೊರಗಿನವರೋ ಹೇಳುವುದು ಕಷ್ಟ. ಚಾರಕನೊಡನೆ ಹರಟುತ್ತಾರೆ, ರಾಕ್ಷಸನನ್ನು ವಿಚಾರಿಸುತ್ತಾರೆ, ಸೀತೆ ಅತ್ತರೆ ಅವಳ ದುಃಖಕ್ಕೆ ರಾಗ ಹುಡುಕುತ್ತಾರೆ. ಮೇಳದಲ್ಲಿ ಪ್ರಧಾನ ಪುರುಷ ವೇಷಕ್ಕೆ ‘ಎರಡನೇ ವೇಷ’ ಎನ್ನುತ್ತಾರೆ. ಬಣ್ಣ ಹಚ್ಚದ ಭಾಗವತರೇ ಒಂದನೇ ವೇಷ. ಇಷ್ಟು ಗೌರವದ ಲೆಕ್ಕಾಚಾರ ಬೇರೆ ಯಾವ ರಂಗಭೂಮಿಯಲ್ಲಾದರೂ ಇದೆಯೋ ಕಾಣೆ.

ಅಕ್ಕನ ಮಗನ ಬೇಸರ ಇಲ್ಲಿ ನನಗೆ ಅರ್ಥವಾಗುತ್ತದೆ. ಗೇಮಿನವನು ಸಾಯದಿರುವುದು ಅವನಿಗೆ ದೊಡ್ಡ ತೊಂದರೆಯಲ್ಲ. ಪೆಟ್ಟು ತಿಂದದ್ದು ಆ ಮನುಷ್ಯನಿಗೆ ನೆನಪೇ ಇಲ್ಲವಲ್ಲ, ಅದು ತೊಂದರೆ. ದಂಡ ಕಟ್ಟಿದರೆ ಕಾವಲುಗಾರರೂ ಮರೆಯುತ್ತಾರೆ, ಹೊಡೆಸಿಕೊಂಡವನೂ ಮರೆಯುತ್ತಾನೆ. ಭಾಗವತರು ಮರೆಯುವವರಲ್ಲ. ವೇಷಧಾರಿ ಒಂದು ಮಾತು ಹೆಚ್ಚು ಆಡಿದರೆ ಅದಕ್ಕೆ ಉತ್ತರ ಬರುತ್ತದೆ, ಹೆಜ್ಜೆ ಸೋತರೆ ಲಯ ಕಾಯುತ್ತದೆ, ಅರ್ಥ ಸೊರಗಿದರೆ ಮುಂದಿನ ಪದ್ಯ ಬೇಗ ಏರುತ್ತದೆ. ಅದೇ ಪ್ರಸಂಗ, ಅದೇ ಪದ್ಯ, ಆದರೂ ನಿನ್ನೆಯ ರಾತ್ರಿಯಂತೆ ಇವತ್ತಿನದಿರುವುದಿಲ್ಲ.

ಕಥೆ ಮುಂದೆ ಸಾಗಲು ಉಳಿಯಲೇಬೇಕಾದವರನ್ನು ನಮ್ಮ ಪ್ರಸಂಗಗಳು ಅಗ್ಗವಾಗಿ ಎಬ್ಬಿಸುವುದೂ ಇಲ್ಲ. ‘ಬಭ್ರುವಾಹನ ಕಾಳಗ’ದಲ್ಲಿ ಅರ್ಜುನ ಮಗನ ಕೈಯಲ್ಲೇ ಸಾಯುತ್ತಾನೆ. ಅಶ್ವಮೇಧ ನಿಲ್ಲಬಾರದು, ಅರ್ಜುನ ಏಳಲೇಬೇಕು. ಆದರೆ ಅವನು ಏಳುವ ಮೊದಲು ಚಿತ್ರಾಂಗದೆ ಅಳಬೇಕು, ನಾಗಲೋಕದಿಂದ ಸಂಜೀವಕ ಮಣಿ ಬರಬೇಕು, ಕೃಷ್ಣನೇ ಬರಬೇಕು. ತಂದೆಯನ್ನು ಕೊಂದ ಮಗನ ಸಂಕಟ ಅಷ್ಟು ಹೊತ್ತು ರಂಗದ ಮೇಲೆ ನಿಂತಿರುತ್ತದೆ. ಮಂಡಿಯೂರಿದವನು ಅರೆಗಳಿಗೆಯಲ್ಲಿ ಎದ್ದುಬಿಟ್ಟರೆ ಆ ಸಂಕಟಕ್ಕೆ ಜಾಗವೆಲ್ಲಿ?

ಈ ಗೇಮುಗಳಲ್ಲಿ ನನಗೆ ಹತ್ತಿರವಾದದ್ದು 2010ರ ‘ಫಾಲ್‌ಔಟ್: ನ್ಯೂ ವೆಗಾಸ್’. ಅಲ್ಲಿ ಮಕ್ಕಳನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲರನ್ನೂ ಕೊಲ್ಲಬಹುದು. ಎಲ್ಲರೂ ಸತ್ತರೂ ಕಥೆಗೊಂದು ದಾರಿ ಬೇಕಲ್ಲ, ಅದಕ್ಕಾಗಿ ಯೆಸ್ ಮ್ಯಾನ್ ಎಂಬ ಯಂತ್ರಮಾನವನನ್ನು ಇಟ್ಟಿದ್ದಾರೆ. ಅವನನ್ನು ಒಡೆದುಹಾಕಿದರೆ ಇನ್ನೊಂದು ದೇಹದಲ್ಲಿ ಬರುತ್ತಾನೆ. ಮೈ ಹೋಯಿತು, ಸ್ಥಾನ ಉಳಿಯಿತು.

ಭಾಗವತಿಕೆಯಲ್ಲೂ ಇದೇ ನಡೆ ಇದೆ. ರಾತ್ರಿಯ ಮೊದಲ ಭಾಗಕ್ಕೆ ಸಂಗೀತಗಾರರೆನ್ನುವ ಕಿರಿಯ ಭಾಗವತರು ಹಾಡುತ್ತಾರೆ, ನಡುರಾತ್ರಿಯ ಮೇಲೆ ಪ್ರಧಾನ ಭಾಗವತರು ತಾಳ ಹಿಡಿಯುತ್ತಾರೆ. ಕೂತವರು ಬದಲಾದರೆಂದು ರಂಗದ ಮೇಲಿನ ದೇವೇಂದ್ರ ಬೆರಗಾಗುವುದಿಲ್ಲ. ಅವನಿಗೆ ಇಬ್ಬರೂ ‘ಭಾಗವತರೇ’. ಆದರೆ ಕೂತ ಮನುಷ್ಯ ಯಂತ್ರವಲ್ಲ. ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹುಟ್ಟಿದ್ದು 1958ರಲ್ಲಿ, ಎಳೆಯ ಪ್ರಾಯ. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಹಾಡುಗಾರಿಕೆಯ ದಿಕ್ಕನ್ನೇ ಬದಲಿಸಿದ ಕಂಠ ಅದು. ಅವರ ದನಿಮುದ್ರಣ ಇವತ್ತೂ ಕುಂದಾಪುರದ ಎಷ್ಟೋ ಮನೆಗಳಲ್ಲಿ ಕೇಳುತ್ತದೆ. ಮೇಳಗಳು ನಿಲ್ಲಲಿಲ್ಲ, ಬೇರೆಯವರು ತಾಳ ಹಿಡಿದರು, ರಾಕ್ಷಸರು ಬಂದು ಹೆಸರು ಹೇಳಿಕೊಂಡರು. ಆದರೂ ಆ ವರ್ಷದ ಹಿಂದಿನ ಆಟ, ಮುಂದಿನ ಆಟ ಎಂದು ಗೆರೆ ಎಳೆದು ಮಾತಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸ್ಥಾನ ಉಳಿದದ್ದರಿಂದ ಆ ನಷ್ಟ ಕಡಿಮೆಯಾಗಲಿಲ್ಲ.

ನಮ್ಮ ಕಡೆಯ ಹುಡುಗರು ಈಗ ಬೆಂಗಳೂರಿನಲ್ಲಿ ಕೂತು ಗೇಮು ಬರೆಯುತ್ತಾರೆ. ಅವರಲ್ಲಿ ಯಾರಾದರೂ ಒಂದು ದೊಡ್ಡ ಲೋಕ ಕಟ್ಟಿದರೆ ಅದರಲ್ಲೊಬ್ಬ ಭಾಗವತನನ್ನು ಕೂರಿಸಲಿ ಎಂಬುದು ನನ್ನ ಆಸೆ. ಅವನಿಗೆ ಸಾವಿಲ್ಲವೆಂಬ ಗುರುತು ಕಟ್ಟುವುದು ಬೇಡ. ಆಟಗಾರ ಕತ್ತಿ ಎತ್ತುವುದಾದರೆ ಎತ್ತಲಿ. ಎತ್ತಿದಾಗ ತಾಳ ನಿಲ್ಲಲಿ, ಚಂಡೆ ಮದ್ದಳೆ ನಿಲ್ಲಲಿ, ಕತ್ತಿ ಹಿಡಿದವನ ಕಾಲು ಎತ್ತಿಡಲು ಹೆಜ್ಜೆ ಸಿಗದೆ ಹೋಗಲಿ, ಎದುರು ಬಂದವರಲ್ಲಿ ಯಾರೂ ಅವನನ್ನು ಯಾರೆಂದು ಕೇಳದಿರಲಿ. ಬಣ್ಣದ ವೇಷ ಗದೆ ಇಳಿಸಿ ನಿಲ್ಲುವುದು ಇದನ್ನು ಬಲ್ಲದ್ದರಿಂದ.