ಉಸಿರಿನ ಲೆಕ್ಕ

ಹಾರ್ಮೋನಿಯಮ್ಮಿಗಾದರೂ ತಿದಿಯುಂಟು, ಕೀಬೋರ್ಡಿನ ಕೊಳಲಿಗೆ ಉಸಿರೇ ಇಲ್ಲ. ಕೀ ಒತ್ತಿದಷ್ಟು ಹೊತ್ತೂ ಒಂದೇ ಸಮನೆ ಕೂಗುತ್ತದೆ. ಈ ಕೊರತೆ ನೀಗಲೆಂದು ಯಮಾಹಾದವರು 1983ರ ಡಿಎಕ್ಸ್7 ವಾದ್ಯಕ್ಕೇ ಊದುವ ಸಾಧನ ಜೋಡಿಸಲು ಅನುವು ಮಾಡಿದ್ದರು. ಅಂಥದೇ ಒಂದನ್ನು ನನ್ನ ಮಗ ಅರಕಲಗೂಡಿನ ನಮ್ಮ ಮನೆಗೆ ತಂದ. ಮಿಡಿ ಭಾಷೆಯಲ್ಲಿ ಉಸಿರಿನ ಹತೋಟಿಗೆ 2ನೆಯ ಸಂಖ್ಯೆ. ಬಲಕ್ಕೆ 0ಯಿಂದ 127ರವರೆಗೆ ಅಂಕ. ಪಾಠ ಒದರಿ ಪಳಗಿದ ನನಗೆ 127ಕ್ಕೆ 127 ಸಿಕ್ಕಿತು. (ನನ್ನ ವಿದ್ಯಾರ್ಥಿಗಳಿಗೆ ಇದೇನೂ ಅಚ್ಚರಿಯಲ್ಲ!) ಹಲ್ಲುದುರಿ ಕೊಳಲು ಕೆಳಗಿಟ್ಟಿದ್ದ ಅಪ್ಪನವರದು 40ಕ್ಕೇ ನಿಂತಿತು. ನಳಿಕೆಯನ್ನು ಬಾಯಿಂದ ತೆಗೆದು, "ಸಾಕು ಬಿಡಪ್ಪ" ಎಂದರು. ಹುಡುಗ ಮಾತಾಡಲಿಲ್ಲ, 40 ಬಂದರೆ ತುಂಬುದನಿ ಹೊರಡುವಂತೆ ಯಂತ್ರವನ್ನು ತಿದ್ದಿದ. ಆಮೇಲೆ ಅಜ್ಜ ಊದಿದರು, ಮೊಮ್ಮಗ ಕೀ ಒತ್ತಿದ. ಮೋಹನ ರಾಗ. ಎಲ್ಲಿ ಉಸಿರೆಳೆಯಬೇಕೆಂದು ಅಜ್ಜನ ಹುಬ್ಬು ಹೇಳುತ್ತಿತ್ತು. ಹುಡುಗ ಅಲ್ಲಿ ಕಾಯುತ್ತಿದ್ದ.